ಗೂಬೆಯ ಮರದ ವಿಳಾಸ

ಹಗಲು ಹೊತ್ತಿನಲ್ಲಿ ತೆಗೆದ ಗೂಬೆಯ ಚಿತ್ರಗಳಲ್ಲಿ ಮೆಚ್ಚುಗೆ ಗಳಿಸುವವು ಬಹುತೇಕ ಒಂದೇ ಬಗೆಯವು. ಎರಡೂ ಕಣ್ಣು ಅಗಲವಾಗಿ ತೆರೆದಿರಬೇಕು, ಮುಖ ನೇರ ಲೆನ್ಸಿನ ಕಡೆಗಿರಬೇಕು, ಕೊಂಬಿನ ಗೂಬೆಯಾದರೆ ತಲೆಯ ಮೇಲಿನ ಗರಿಗಳೆರಡೂ ಸೆಟೆದು ನಿಂತಿರಬೇಕು. ಕಣ್ಣು ಮುಚ್ಚಿಕೊಂಡು, ಕತ್ತನ್ನು ಮೈಯೊಳಗೆ ಹುದುಗಿಸಿ, ಹುಣಸೆಯ ತೊಗಟೆಯಲ್ಲೇ ಕರಗಿಹೋದಂತೆ ಕೂತ ಹಕ್ಕಿಯ ಚಿತ್ರವನ್ನು ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕುವವರು ಕಡಿಮೆ, ಅದರಲ್ಲಿ ನೋಡುವುದೇನಿದೆ? ಆದರೆ ಗೂಬೆಯ ಲೆಕ್ಕದಲ್ಲಿ ಸರಿಯಾಗಿರುವುದು ಈ ಎರಡನೆಯ ಚಿತ್ರವೇ. ಇರುಳೆಲ್ಲ ಬೇಟೆಯಾಡಿದ ಹಕ್ಕಿಗೆ ನಮ್ಮ ಮಧ್ಯಾಹ್ನ ಎಂದರೆ ಸರಿರಾತ್ರಿ. ಆ ಹೊತ್ತಿನಲ್ಲಿ ಅದು ಕಣ್ಣರಳಿಸಿ ನಮ್ಮನ್ನೇ ನೋಡುತ್ತಿದ್ದರೆ, ಬಹಳ ಸಲ, ನಾವು ಅದರ ಬಾಗಿಲು ಬಡಿದಿದ್ದೇವೆ ಎಂದೇ ಅರ್ಥ. ನನ್ನ ವಾದ ಇಷ್ಟು: ಗೂಬೆ ಹಗಲು ಕಳೆಯುವ ಮರ ಯಾವುದೆಂದು ಹಕ್ಕಿ ನೋಡುವವರು ಊರಿಗೆಲ್ಲ ಹೇಳಬಾರದು, ಆ ಮರದ ಬುಡಕ್ಕೆ ಹೋಗುವುದನ್ನು ತಾವಾಗಿಯೇ ಬಿಡಬೇಕು. ಕಾನೂನು ಇದನ್ನು ಮಾಡಿಸಲಾರದು. ಮಾಡಿಸಬಲ್ಲವರು ಬೈನಾಕ್ಯುಲರ್ ಹಿಡಿದವರೇ.

ಇದನ್ನು ಕಳಲೆಯಂಥ ಊರನ್ನು ಮುಂದಿಟ್ಟುಕೊಂಡು ಹೇಳುವುದಕ್ಕೆ ಕಾರಣವಿದೆ. ಇತಿಹಾಸ ಓದಿದವರಿಗೆ ಕಳಲೆ ಎಂದರೆ ಮೈಸೂರಿನ ದಳವಾಯಿಗಳ ಊರು, ಲಕ್ಷ್ಮೀಕಾಂತ ದೇವಸ್ಥಾನದ ಊರು. ಅಡುಗೆ ಬಲ್ಲವರಿಗೆ ಎಳೆ ಬಿದಿರಿನ ಹೆಸರು. ಹಕ್ಕಿಗಳ ಕಣ್ಣಿನಲ್ಲಿ ನಂಜನಗೂಡಿನಿಂದ ತಿ. ನರಸೀಪುರದವರೆಗಿನ ಇಡೀ ಸೀಮೆ ಒಂದೇ: ಕಪಿಲೆಯ ನಾಲೆಗಳು, ಗದ್ದೆ, ಕಬ್ಬು, ಬಾಳೆ, ಊರಿಗೊಂದು ಕೆರೆ, ಕೆರೆಯ ಏರಿಯ ಮೇಲೆ ಒಂದಷ್ಟು ಹಳೆಯ ಮರ, ಅಲ್ಲಲ್ಲಿ ಉಳಿದ ಗುಂಡುತೋಪು. ಚಳಿಗಾಲದಲ್ಲಿ ಹದಿನಾರು ಕೆರೆಗೆ ಹಿಮಾಲಯದ ಆಚೆಯಿಂದ ಪಟ್ಟೆತಲೆಯ ಹೆಬ್ಬಾತುಗಳು ಬರುತ್ತವೆ; ನಂಜನಗೂಡು ಕಡೆಯ ನರಸಾಂಬುಧಿ ಕೆರೆ ದೇಶದ ಮುಖ್ಯ ಪಕ್ಷಿತಾಣಗಳ ಪಟ್ಟಿಯಲ್ಲಿದೆ. ಮೈಸೂರಿನಿಂದ ಬೈಕಿನಲ್ಲಿ ಹೊರಟರೆ ಇವೆಲ್ಲ ಬೆಳಗಿನ ತಿಂಡಿಗೆ ಮುಂಚಿನ ದಾರಿ. ಬಾತುಗಳನ್ನು ನೋಡುವುದು ಬೆಳಗಿನ ಹೊತ್ತು. ಬಿಸಿಲೇರಿ ನೀರಿನ ಮೇಲೆ ಕಾವು ಕುಣಿಯತೊಡಗಿದರೆ ಲೆನ್ಸಿಗೆ ಕೆಲಸವಿಲ್ಲ. ಆಗ ನೋಟ ಕೆರೆಯಿಂದ ಮರಗಳ ಕಡೆ ತಿರುಗುತ್ತದೆ. ಗೂಬೆ ಗಾಢವಾಗಿ ಮಲಗಿರುವ ಹೊತ್ತೂ ಅದೇ. ಜೊತೆಗೆ ನವೆಂಬರಿನಿಂದ ಏಪ್ರಿಲ್‌ವರೆಗಿನ ಅದೇ ತಿಂಗಳುಗಳಲ್ಲಿ ನಮ್ಮ ಹಾಲಕ್ಕಿಗಳು, ಎಂದರೆ ಚುಕ್ಕೆಗಳ ಪುಟ್ಟ ಗೂಬೆಗಳು, ಪೊಟರೆಯಲ್ಲಿ ಮೊಟ್ಟೆಯಿಟ್ಟು ಮರಿ ಮಾಡುತ್ತವೆ. ದೊಡ್ಡ ಕೊಂಬಿನ ಗೂಬೆಯ ಸಂಸಾರದ ಕಾಲವೂ ಹೆಚ್ಚುಕಡಿಮೆ ಅದೇ. ಪ್ರವಾಸದ ಋತುವೂ ಬಾಣಂತನದ ಋತುವೂ ಒಂದೇ ಆಗಿಬಿಟ್ಟಿವೆ.

ಹಗಲಿನಲ್ಲಿ ಗೂಬೆಯನ್ನು ಪತ್ತೆ ಮಾಡುವುದು ಗೊತ್ತಿದ್ದವರಿಗೆ ಅಷ್ಟೇನೂ ಕಷ್ಟವಲ್ಲ. ಮರದ ಮೇಲೆ ಹುಡುಕಬಾರದು, ಬುಡದಲ್ಲಿ ಹುಡುಕಬೇಕು. ಒಂದೇ ಕೊಂಬೆಯ ಕೆಳಗೆ ಎಲೆಗಳ ಮೇಲೆ ಸುಣ್ಣ ಚೆಲ್ಲಿದಂತೆ ಹಿಕ್ಕೆ ಬಿದ್ದಿರುತ್ತದೆ. ಅದರ ನಡುವೆ ಹೆಬ್ಬೆರಳಿನ ಗಾತ್ರದ ಬೂದುಬಣ್ಣದ ಉಂಡೆಗಳು. ನುಂಗಿದ ಇಲಿಯಲ್ಲಿ ಅರಗದೆ ಉಳಿದ ಕೂದಲು, ಮೂಳೆಗಳನ್ನು ಗೂಬೆ ಹೀಗೆ ಉಂಡೆ ಮಾಡಿ ಬಾಯಿಂದ ಹೊರಹಾಕುತ್ತದೆ. ಒಂದನ್ನು ನೀರಿನಲ್ಲಿ ನೆನೆಸಿ ಬಿಡಿಸಿದರೆ ಕಿತ್ತಳೆ ಬಣ್ಣದ ಬಾಚಿಹಲ್ಲಿನ ಸಮೇತ ಇಲಿಯ ತಲೆಬುರುಡೆ ಸಿಗುತ್ತದೆ. ಈ ಗುರುತುಗಳು ಹೇಳುವ ಮುಖ್ಯ ಸಂಗತಿ ಇನ್ನೊಂದಿದೆ: ಹಕ್ಕಿ ದಿನವೂ ಅದೇ ಜಾಗಕ್ಕೆ ಬರುತ್ತದೆ. ಎಲ್ಲ ಕೊಂಬೆಯೂ ಅದಕ್ಕೆ ಆಗಿಬರುವುದಿಲ್ಲ. ಮಧ್ಯಾಹ್ನದ ಬಿಸಿಲು ತಾಗಬಾರದು, ಮಳೆ ಹೊಡೆಯಬಾರದು, ಬೆನ್ನಿಗೆ ಕಾಂಡ ಇರಬೇಕು, ಮೈಬಣ್ಣಕ್ಕೆ ತೊಗಟೆ ಹೊಂದಬೇಕು, ಹತ್ತಿರದಲ್ಲೇ ಬೇಟೆಯ ಗದ್ದೆ ಇರಬೇಕು. ಹಾಗೆ ಹೊಂದಿಸಿಕೊಂಡ ಜಾಗ ಒಮ್ಮೆ ಬಯಲಾದರೆ ಇನ್ನೊಂದನ್ನು ಹುಡುಕಿಕೊಳ್ಳುವುದು ಸುಲಭವಲ್ಲ. ಅದರಲ್ಲೂ ಹಳೆಯ ಮರಗಳು ವರ್ಷವರ್ಷಕ್ಕೂ ಕಡಿಮೆಯಾಗುತ್ತಿರುವ ಸೀಮೆಯಲ್ಲಿ.

ಹಗಲಿನಲ್ಲಿ ಎದ್ದು ಹಾರಿದ ಗೂಬೆಯ ಪಾಡೇನು ಎಂಬುದನ್ನು ಹಳ್ಳಿಯಲ್ಲಿ ಬೆಳೆದವರು ಬಲ್ಲರು. ಮೊದಲು ಕಾಜಾಣ ಕೂಗು ಹಾಕುತ್ತದೆ. ನಿಮಿಷದೊಳಗೆ ಕಾಗೆ, ಗೊರವಂಕ, ಪಿಕಳಾರ, ಹರಟೆಮಲ್ಲ ಎಲ್ಲ ಜಮಾಯಿಸುತ್ತವೆ. ಅಳಿಲೂ ತನ್ನ ಪಾಲಿನ ಕಿರುಚಾಟ ಸೇರಿಸುತ್ತದೆ. ಕಾಗೆಗಳು ಹಿಂದಿನಿಂದ ಬಂದು ಕುಕ್ಕುತ್ತವೆ. ಗೂಬೆ ಒಂದು ಮರದಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಓಡುತ್ತದೆ. ಇದು ಪ್ರಕೃತಿಯಲ್ಲಿ ಎಂದಿನಿಂದಲೂ ಇರುವ ಜಗಳ, ನಾವು ಹುಟ್ಟುಹಾಕಿದ್ದಲ್ಲ. ಗೂಬೆ ಇಷ್ಟು ಕಷ್ಟಪಟ್ಟು ಅಡಗಿ ಕೂರುವುದು ಈ ಜಗಳ ತಪ್ಪಿಸಿಕೊಳ್ಳಲಿಕ್ಕೇ. ನಾಲ್ಕು ಜನ ಮರದ ಕೆಳಗೆ ನಿಂತು ಮೇಲಕ್ಕೆ ಬೆರಳು ತೋರಿಸಿದರೆ ಅದರ ಅಷ್ಟೂ ಶ್ರಮ ನೀರುಪಾಲು. ಇನ್ನು ಫೋನಿನಲ್ಲಿ ಗೂಬೆಯ ಕೂಗು ಹಾಕಿ ಸಣ್ಣ ಹಕ್ಕಿಗಳನ್ನು ಎಳೆಯುವ ಅಭ್ಯಾಸವಂತೂ ಇದೇ ಜಗಳವನ್ನು ಬೇಕೆಂದೇ ಹಚ್ಚಿ ನೋಡುವ ಕೆಲಸ. ಅದನ್ನು ಸಮರ್ಥಿಸುವ ಒಂದು ಮಾತೂ ನನಗೆ ಹೊಳೆಯುತ್ತಿಲ್ಲ.

'ನಾನು ಹೋದಾಗ ಅದು ಹಾರಲಿಲ್ಲ, ಹಾಗಾಗಿ ತೊಂದರೆಯಾಗಲಿಲ್ಲ' ಎಂಬುದು ಸಾಮಾನ್ಯವಾಗಿ ಕೇಳಿಬರುವ ಸಮಜಾಯಿಷಿ. ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಯೂಟಾ ರಾಜ್ಯದ ಕಣಿವೆಗಳಲ್ಲಿ ಹಗಲು ಕೂತ ಮೆಕ್ಸಿಕನ್ ಚುಕ್ಕೆ ಗೂಬೆಗಳ ಹತ್ತಿರಕ್ಕೆ ನಡೆದುಹೋಗಿ ಅವು ಏನು ಮಾಡುತ್ತವೆಂದು ದಾಖಲಿಸಿದ ಅಧ್ಯಯನವೊಂದು 2001ರಲ್ಲಿ ಪ್ರಕಟವಾಯಿತು. ಮನುಷ್ಯರು 24 ಮೀಟರಿಗಿಂತ ದೂರವಿದ್ದರೆ ದೊಡ್ಡ ಗೂಬೆಗಳು ಹಾರಿಹೋಗುವ ಸಂಭವ ಕಡಿಮೆ. ಮರಿಗಳಾದರೆ 12 ಮೀಟರಿನವರೆಗೂ ಕೂತೇ ಇರುತ್ತಿದ್ದವು. ಆದರೆ ನಡವಳಿಕೆಯಲ್ಲಿ ಯಾವ ಬದಲಾವಣೆಯೂ ಕಾಣದಿರಬೇಕಾದರೆ ನಡುವೆ 55 ಮೀಟರ್ ಅಂತರ ಬೇಕಾಗಿತ್ತು. ಅದು ಬೇರೆ ದೇಶ, ಬೇರೆ ಹಕ್ಕಿ. ಆ ಅಂಕಿಗಳನ್ನು ತಂದು ಕಳಲೆಯ ಏರಿಯ ಮೇಲೆ ಟೇಪು ಹಿಡಿದು ಅಳೆಯಬೇಕಿಲ್ಲ. ಗಮನಿಸಬೇಕಾದದ್ದು 24ಕ್ಕೂ 55ಕ್ಕೂ ನಡುವಿನ ಆ ಜಾಗವನ್ನು. ಅಲ್ಲಿ ನಿಂತವನಿಗೆ ಗೂಬೆ ಸುಮ್ಮನೆ ಕೂತಂತೆ ಕಾಣುತ್ತದೆ. ಗೂಬೆ ಮಾತ್ರ ಆಗಲೇ ಎಚ್ಚೆತ್ತು, ಹಾರಬೇಕೋ ಬೇಡವೋ ಎಂದು ಅಳೆಯುತ್ತಿರುತ್ತದೆ. ಹಾರಾಟ ಅದರ ಕೊನೆಯ ಆಯ್ಕೆ, ಏಕೆಂದರೆ ಹೊರಗೆ ಕಾಗೆಗಳಿವೆ. ಅದಕ್ಕೂ ಮೊದಲು ಅದು ಮೈಯನ್ನು ಕಡ್ಡಿಯಂತೆ ನೀಳ ಮಾಡುತ್ತದೆ, ಕಣ್ಣನ್ನು ಗೆರೆಯಷ್ಟಕ್ಕೆ ಕಿರಿದಾಗಿಸುತ್ತದೆ, ಗರಿಗಳನ್ನು ಒತ್ತಿಕೊಳ್ಳುತ್ತದೆ. ಇದನ್ನು ಶಾಂತಿ ಎಂದುಕೊಳ್ಳುವುದು, ಉಸಿರು ಬಿಗಿಹಿಡಿದು ಅಟ್ಟದ ಮೇಲೆ ಅವಿತವನನ್ನು ಕಂಡು ಎಷ್ಟು ನೆಮ್ಮದಿಯಾಗಿದ್ದಾನೆ ಎಂದಂತೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ತೂಕದ ಆಕ್ಷೇಪವೇ. ಹಾಲಕ್ಕಿ ಕಾಡಿನ ಹಕ್ಕಿಯಲ್ಲ. ಬಸ್ ನಿಲ್ದಾಣದ ಅರಳಿಮರದಲ್ಲಿ, ಶಾಲೆಯ ಹೆಂಚಿನ ಸಂದಿಯಲ್ಲಿ, ಸಂತೆಯ ಗದ್ದಲದ ನಡುವೆ ಸಂಸಾರ ಹೂಡುವ ಹಕ್ಕಿ. ಕಣಜ ಗೂಬೆಗೆ ಆ ಹೆಸರು ಬಂದದ್ದೇ ಮನುಷ್ಯನ ದವಸದ ಜಾಗದಿಂದ. ದಿನಕ್ಕೆ ನೂರು ಜನ ಅಡ್ಡಾಡುವ ಮರದಲ್ಲಿ ಬದುಕುವ ಗೂಬೆಗೆ ಇನ್ನಿಬ್ಬರು ಬಂದು ನಿಂತರೆ ಏನಾಯಿತು? ಆಗುವುದು ಇಷ್ಟು: ಆ ನೂರು ಜನ ತಲೆ ಎತ್ತುವುದಿಲ್ಲ. ಹೊಲಕ್ಕೆ ಹೋಗುವ ಹೆಂಗಸು, ಮೇಕೆ ಅಟ್ಟುವ ಹುಡುಗ, ಟ್ರ್ಯಾಕ್ಟರ್ ಓಡಿಸುವವನು, ಎಲ್ಲರೂ ತಮ್ಮ ದಾರಿ ಹಿಡಿದು ಸಾಗಿಹೋಗುತ್ತಾರೆ. ಹಕ್ಕಿ ನೋಡುವವನು ನಡೆಯುವುದನ್ನು ನಿಲ್ಲಿಸುತ್ತಾನೆ, ತಿರುಗುತ್ತಾನೆ, ಅದರ ಮುಖವನ್ನೇ ದಿಟ್ಟಿಸುತ್ತಾನೆ, ಒಂದೊಂದೇ ಹೆಜ್ಜೆ ಮುಂದಿಡುತ್ತಾನೆ. ಬೆಕ್ಕು ಮಾಡುವುದೂ ಅದನ್ನೇ. ಬ್ರಿಸ್ಟಲ್‌ನ ಸಂಶೋಧಕರು 2008ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಮನುಷ್ಯನ ಕಣ್ಣು ತಟ್ಟೆಯ ಕಡೆಗಿದ್ದರೆ ಸ್ಟಾರ್ಲಿಂಗ್ ಹಕ್ಕಿಗಳು ತಿನ್ನಲು ಹಿಂಜರಿದವು, ಕಣ್ಣು ಬೇರೆಡೆಗಿದ್ದರೆ ಬೇಗ ಬಂದು ತಿಂದವು. ಸ್ಟಾರ್ಲಿಂಗ್ ನಮ್ಮ ಗೊರವಂಕದ ಹತ್ತಿರದ ನೆಂಟ. ಗೂಬೆಗೆ ಮಾತ್ರ ನಮ್ಮ ದೃಷ್ಟಿ ತಿಳಿಯದೆಂದು ನಂಬಲು ಕಾರಣವಿಲ್ಲ. ಎಲ್ಲ ಗೂಬೆಯೂ ಒಂದೇ ಅಲ್ಲ ಎಂಬುದನ್ನು ಒಪ್ಪುತ್ತೇನೆ. ಊರ ನಡುವಿನ ಹಾಲಕ್ಕಿ ತಲೆ ಮೇಲೆ ಕೆಳಗೆ ಆಡಿಸಿ ನಮ್ಮನ್ನೇ ಗದರಿಸಿ ಮರೆತುಬಿಡಬಹುದು. ಕಲ್ಲುಗುಡ್ಡದ ಕೊಂಬಿನ ಗೂಬೆಯೋ, ಹೊಳೆದಂಡೆಯ ಮೀನುಗೂಬೆಯೋ ಹಾಗೆ ಮರೆಯುವುದಿಲ್ಲ. ನಿಯಮ ಮಾಡುವುದಾದರೆ ಅಂಜುವ ಹಕ್ಕಿಯನ್ನು ಕಣ್ಣೆದುರಿಗಿಟ್ಟುಕೊಂಡು ಮಾಡಬೇಕು.

ವಿಚಿತ್ರವೆಂದರೆ ಇಷ್ಟು ಕಾಲ ಈ ಮರಗಳಿಗೆ ಬೇಲಿಯಾಗಿದ್ದದ್ದು ಭಯ. ಗೂಬೆ ಕೂಗಿದರೆ ಸಾವು, ಮನೆಯೊಳಗೆ ಹೊಕ್ಕರೆ ಶಾಂತಿ ಮಾಡಿಸಬೇಕು ಎಂಬ ನಂಬಿಕೆ ಹಳೆ ಮೈಸೂರಿನ ಹಳ್ಳಿಗಳಲ್ಲಿ ಇಂದಿಗೂ ಪೂರ್ತಿ ಸತ್ತಿಲ್ಲ. ಬೆಳಗಿನ ಜಾವ ಬಂದು ಹಾಲಕ್ಕಿ ನುಡಿಯಿತು ಎಂದು ಶಕುನ ಹೇಳುವ ಬುಡಬುಡಿಕೆಯವರನ್ನು ಬಾಗಿಲ ಮರೆಯಿಂದಲೇ ಕೇಳಿದ ತಲೆಮಾರು ಇನ್ನೂ ಇದೆ. ಈ ನಂಬಿಕೆ ಗೂಬೆಗೆ ಕಲ್ಲೇಟನ್ನೂ ಕೊಟ್ಟಿದೆ, ಏಕಾಂತವನ್ನೂ ಕೊಟ್ಟಿದೆ: ಗುಮ್ಮ ಕೂರುವ ಮರದ ಕಡೆ ಮಕ್ಕಳೂ ಸುಳಿಯುತ್ತಿರಲಿಲ್ಲ. ಓದು ಬಂತು, ಪೂರ್ಣಚಂದ್ರ ತೇಜಸ್ವಿಯವರಂಥವರು ಕನ್ನಡದಲ್ಲೇ ಹಕ್ಕಿಗಳ ಪುಸ್ತಕ ಬರೆದರು, ಕ್ಯಾಮೆರಾ ಅಗ್ಗವಾಯಿತು, ಭಯ ಹಿಂದೆ ಸರಿದು ಪ್ರೀತಿ ಮುಂದೆ ಬಂತು. ಇದಕ್ಕೆ ಸಂತೋಷಪಡಬೇಕು. ಆದರೆ ಭಯ ದೂರ ನಿಲ್ಲಿಸುತ್ತಿತ್ತು, ಪ್ರೀತಿ ಹತ್ತಿರ ಕರೆತರುತ್ತಿದೆ. ಬೇಲಿ ತೆಗೆದವರು ಅದರ ಜಾಗದಲ್ಲಿ ಏನನ್ನೂ ನೆಟ್ಟಿಲ್ಲ. ಅಲ್ಲದೆ ಭಯದ ಇನ್ನೊಂದು ಮುಖ, ಮಾಟಮಂತ್ರ, ನಿಧಿಯಾಸೆ, ದೀಪಾವಳಿಯ ಆಸುಪಾಸಿನ ಬಲಿ, ಇನ್ನೂ ವ್ಯಾಪಾರ ನಡೆಸುತ್ತಿದೆ. ವನ್ಯಜೀವಿ ವ್ಯಾಪಾರದ ಮೇಲೆ ಕಣ್ಣಿಡುವ ಟ್ರಾಫಿಕ್ ಸಂಸ್ಥೆ 2021ರಲ್ಲಿ ಹೊರತಂದ ಗುರುತಿನ ಪಟದ ಪ್ರಕಾರ, ಭಾರತದ ಸುಮಾರು 36 ಬಗೆಯ ಗೂಬೆಗಳಲ್ಲಿ 16 ಬಗೆಯವು ಕಳ್ಳವ್ಯಾಪಾರದಲ್ಲಿ ಹೆಚ್ಚಾಗಿ ಸಿಗುತ್ತವೆ. ಹಿಡಿಯುವವನಿಗೆ ಬೇಕಾದದ್ದು ಒಂದೇ ಮಾಹಿತಿ: ಹಗಲಿನಲ್ಲಿ ಅಲುಗಾಡದೆ ಕೂರುವ ಹಕ್ಕಿ ಯಾವ ಮರದಲ್ಲಿದೆ. ನಾವು ಲೊಕೇಶನ್ ಪಿನ್ ಹಾಕಿ ಹಂಚುವುದು ಅದೇ ಮಾಹಿತಿಯನ್ನು. ಗ್ರೂಪಿನಲ್ಲಿರುವ ಇನ್ನೂರು ಜನರೂ ಸಜ್ಜನರೇ ಇರಬಹುದು. ಆ ಸಂದೇಶ ಮುಂದೆ ಯಾವ ಗ್ರೂಪಿಗೆ ಹೋಯಿತೆಂದು ಹೇಳಬಲ್ಲವರು ಯಾರು?

ಕಾನೂನು ಇದೆಯಲ್ಲ ಎನ್ನುವವರಿಗೆ ಅದನ್ನೊಮ್ಮೆ ಓದಿ ನೋಡಿ ಎನ್ನಬೇಕು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬೇಟೆ ಎಂಬ ಪದವನ್ನು ಬಹಳ ವಿಶಾಲವಾಗಿ ವಿವರಿಸುತ್ತದೆ. ಹಕ್ಕಿಯನ್ನು ಕೊಲ್ಲುವುದು, ಹಿಡಿಯುವುದು ಮಾತ್ರವಲ್ಲದೆ ಅದರ ಮೊಟ್ಟೆ ಅಥವಾ ಗೂಡಿಗೆ ತೊಂದರೆ ಕೊಡುವುದೂ ಅದರೊಳಗೆ ಬರುತ್ತದೆ. ಅಭಯಾರಣ್ಯದೊಳಗೆ ಪ್ರಾಣಿಗಳನ್ನು ಕೆಣಕುವುದು, ಪೀಡಿಸುವುದು ಪ್ರತ್ಯೇಕವಾಗಿ ನಿಷಿದ್ಧ. ಆದರೆ ಕಳಲೆಯ ಹುಣಸೆಮರ ಅಭಯಾರಣ್ಯವಲ್ಲ, ಗೂಬೆ ಬರೀ ಮಲಗುವ ಕೊಂಬೆ ಗೂಡೂ ಅಲ್ಲ. ಊರ ಮರದಲ್ಲಿ ನಿದ್ರಿಸುವ ಹಕ್ಕಿ ಈ ಎರಡು ಕಲಮುಗಳ ನಡುವಿನ ಸಂದಿಯಲ್ಲಿ ಬೀಳುತ್ತದೆ. ತಿದ್ದುಪಡಿ ತಂದು ಸಂದಿ ಮುಚ್ಚಿದರೂ ಪ್ರತಿ ಹುಣಸೆಯ ಕೆಳಗೆ ಒಬ್ಬ ಫಾರೆಸ್ಟ್ ಗಾರ್ಡ್ ನಿಲ್ಲಿಸಲಾಗದು. ಹಾಗೆಂದು ಪ್ರಾಣಿಗಳ ವಿಶ್ರಾಂತಿಗೆ ಬೆಲೆ ಕೊಡುವುದು ನಮಗೆ ಹೊಸತೂ ಅಲ್ಲ. ನಂಜನಗೂಡಿನ ಮೇಲೆ ಹಾದುಹೋಗುವ ರಾಷ್ಟ್ರೀಯ ಹೆದ್ದಾರಿ 766 ಮುಂದೆ ಬಂಡೀಪುರ ಹೊಕ್ಕಾಗ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರಕ್ಕೆ ಮುಚ್ಚಿರುತ್ತದೆ, 2009ರಿಂದ ಹೀಗಿದೆ. ಕೇರಳದ ಒತ್ತಡ, ವ್ಯಾಪಾರಿಗಳ ತಕರಾರು ಎಲ್ಲದರ ನಡುವೆಯೂ ಈ ನಾಡು ಆನೆ, ಜಿಂಕೆಗಳಿಗೆ ಅವುಗಳ ರಾತ್ರಿಯನ್ನು ಬಿಟ್ಟುಕೊಟ್ಟಿದೆ. ಗೂಬೆಯ ರಾತ್ರಿ ನಮ್ಮ ಹಗಲಿನಲ್ಲಿ ಬರುತ್ತದೆ ಎಂಬುದಷ್ಟೇ ವ್ಯತ್ಯಾಸ. ಅದಕ್ಕೆ ಗೇಟು ಹಾಕುವ ಅಗತ್ಯವೂ ಇಲ್ಲ.

ಇನ್ನೊಂದು ಆಕ್ಷೇಪವನ್ನು ಕನ್ನಡದ್ದೇ ನುಡಿಗಟ್ಟಿನಲ್ಲಿ ಹೇಳಬಹುದು: ಹಕ್ಕಿ ನೋಡುವವರ ತಲೆ ಮೇಲೆ ಗೂಬೆ ಕೂರಿಸುತ್ತಿದ್ದೀರಿ. ಗೂಬೆಗಳನ್ನು ನಿಜವಾಗಿ ಕೊಲ್ಲುತ್ತಿರುವುದು ಗದ್ದೆಗೆ ಇಡುವ ಇಲಿ ಪಾಷಾಣ, ವೇಗದ ವಾಹನ, ವಿದ್ಯುತ್ ತಂತಿ, ರಸ್ತೆ ಅಗಲಗೊಳಿಸಲು ಕಡಿಯುವ ಮರ. ಮೈಸೂರಿನ ಹೈದರಾಲಿ ರಸ್ತೆಯಲ್ಲಿ 2025ರ ಏಪ್ರಿಲ್‌ನಲ್ಲಿ ಒಂದೇ ಏಟಿಗೆ 40 ಮರ ಉರುಳಿದವು. ಅದರ ಮುಂದೆ ಒಂದು ಫೋಟೊ ಯಾವ ಲೆಕ್ಕ? ಮಾತು ನಿಜ, ಅಳತೆಯಲ್ಲಿ ಅವೇ ದೊಡ್ಡವು. ನ್ಯೂಯಾರ್ಕಿನ ಸೆಂಟ್ರಲ್ ಪಾರ್ಕಿನಲ್ಲಿ 2020ರ ಅಕ್ಟೋಬರ್‌ನಲ್ಲಿ ಕಾಣಿಸಿಕೊಂಡ, ಜನ ಬ್ಯಾರಿ ಎಂದು ಕರೆದ ಗೂಬೆಯ ಕತೆ ಇದನ್ನೇ ಹೇಳುತ್ತದೆ. ಅದಿರುವ ಜಾಗವನ್ನು ಟ್ವಿಟರ್‌ನಲ್ಲಿ ಸಾರುವುದು ಸರಿಯೇ ಎಂದು ಅಲ್ಲಿಯ ಹಕ್ಕಿಪ್ರಿಯರು ತಿಂಗಳುಗಟ್ಟಲೆ ಜಗಳವಾಡಿದರು. 2021ರ ಆಗಸ್ಟ್‌ನಲ್ಲಿ ಅದು ಸತ್ತದ್ದು ಮಾತ್ರ ಪಾರ್ಕಿನದೇ ವಾಹನಕ್ಕೆ ಡಿಕ್ಕಿಯಾಗಿ. ಪರೀಕ್ಷಿಸಿದಾಗ ಮೈಯಲ್ಲಿ ಅಪಾಯದ ಮಟ್ಟದ ಇಲಿವಿಷ ಸಿಕ್ಕಿತು. ಜಗಳವಾಡಿದ ಯಾರೂ ಅದನ್ನು ಕೊಂದಿರಲಿಲ್ಲ. ಆದರೆ ಈ ಕತೆಯನ್ನು ಇನ್ನೊಂದು ಕಡೆಯಿಂದಲೂ ಓದಬಹುದು. ಪಾಷಾಣ ತಿಂದ ಇಲಿಯನ್ನು ನುಂಗಿ ನಿತ್ರಾಣವಾದ ಹಕ್ಕಿ, ಹಳೆಯ ಮರ ಕಳೆದುಕೊಂಡು ಎರಡನೆಯ ದರ್ಜೆಯ ಕೊಂಬೆಯಲ್ಲಿ ಕೂತ ಹಕ್ಕಿ, ಹಗಲಿನ ನಿದ್ದೆಯನ್ನೂ ಕಳೆದುಕೊಂಡರೆ ಉಳಿಯುವುದು ಇನ್ನಷ್ಟು ಕಷ್ಟ. ದೊಡ್ಡ ಹೊರೆ ಹೊತ್ತವನ ಮೇಲೆ ಚಿಕ್ಕದೊಂದು ಗಂಟು ಇಟ್ಟು ಇದೇನು ಭಾರವೇ ಎನ್ನುವುದು ನ್ಯಾಯವಲ್ಲ. ಪಾಷಾಣ ನಿಲ್ಲಿಸಲು ಕೃಷಿ ಇಲಾಖೆ ಬೇಕು, ರೈತನ ಮನವೊಲಿಕೆ ಬೇಕು, ವರ್ಷಗಳು ಬೇಕು. ಮರ ಉಳಿಸಲು 1976ರ ಮರ ಸಂರಕ್ಷಣಾ ಕಾಯ್ದೆ ಹಿಡಿದು ಕೋರ್ಟು, ಕಚೇರಿ ಅಲೆಯಬೇಕು. ಮರದ ಬುಡಕ್ಕೆ ಹೋಗದಿರಲು ಯಾರ ಅನುಮತಿಯೂ ಬೇಡ, ಬರುವ ಭಾನುವಾರದಿಂದಲೇ ಆದೀತು.

ತೀರ ಗಂಭೀರವಾದ ಆಕ್ಷೇಪ ವಿಜ್ಞಾನದ ಕಡೆಯಿಂದ ಬರುವುದು. ಎಲ್ಲಿದೆ ಎಂದು ದಾಖಲಿಸದೆ ಉಳಿಸುವುದು ಹೇಗೆ? 2014ರಿಂದ 2016ರವರೆಗೆ ಸ್ವಯಂಸೇವಕರು ಮೈಸೂರು ನಗರವನ್ನು ಚೌಕ ಚೌಕವಾಗಿ ವಿಂಗಡಿಸಿಕೊಂಡು ಹಕ್ಕಿಗಳ ಅಟ್ಲಾಸ್ ಮಾಡಿದರು. ಹಕ್ಕಿ ನೋಡುವವರಿಲ್ಲದಿದ್ದರೆ ಯಾವ ಕೆರೆಯಲ್ಲಿ ಏನು ಕಡಿಮೆಯಾಯಿತು ಎಂಬುದೇ ಇಂದು ತಿಳಿಯುತ್ತಿರಲಿಲ್ಲ. ಒಪ್ಪಿದೆ. ಆದರೆ ಆ ಅಟ್ಲಾಸಿನ ಪಾಠವನ್ನೇ ನೋಡಿ. ಅದಕ್ಕೆ ಬೇಕಾಗಿದ್ದದ್ದು ಯಾವ ಚೌಕದಲ್ಲಿ ಯಾವ ಹಕ್ಕಿ ಎಂಬ ಮಾಹಿತಿ. ಯಾವ ಮರದ ಎಷ್ಟನೆಯ ಕೊಂಬೆ ಎಂಬುದಲ್ಲ. ಒಂದು ಪ್ರಭೇದ ಹೆಚ್ಚುತ್ತಿದೆಯೋ ಕುಗ್ಗುತ್ತಿದೆಯೋ ತಿಳಿಯಲು 'ನಂಜನಗೂಡು ತಾಲ್ಲೂಕು' ಎಂದಿದ್ದರೆ ಸಾಕು. ಇ-ಬರ್ಡ್‌ನಂಥ ಜಾಲತಾಣವೇ ಅಪಾಯದಲ್ಲಿರುವ ಕೆಲವು ಹಕ್ಕಿಗಳ ನಿಖರ ಜಾಗವನ್ನು ಸಾರ್ವಜನಿಕರಿಗೆ ತೋರಿಸುವುದಿಲ್ಲ, ದಾಖಲೆ ಮಾತ್ರ ಒಳಗೆ ಉಳಿದಿರುತ್ತದೆ. ದಾಖಲಿಸುವುದೇ ಬೇರೆ, ಡಂಗುರ ಹೊಡೆಯುವುದೇ ಬೇರೆ. ಮರ ಕಡಿಯುವ ಭಯವಿದ್ದರೆ ಅದರ ವಿವರ ತಲುಪಬೇಕಾದ ಜಾಗಗಳೂ ಕೆಲವೇ. 2002ರ ಜೀವವೈವಿಧ್ಯ ಕಾಯ್ದೆಯ ಪ್ರಕಾರ ಪ್ರತಿ ಗ್ರಾಮ ಪಂಚಾಯಿತಿಗೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು, ಅದು ಊರಿನ ಗಿಡ, ಮರ, ಪ್ರಾಣಿಗಳ ದಾಖಲಾತಿ ಇಡಬೇಕು. ಬಹಳ ಕಡೆ ಇದು ಕಾಗದದ ಮೇಲಷ್ಟೇ ಇದೆ ಎಂಬುದು ಬೇರೆ ಮಾತು. ಗೂಬೆಯ ಮರ ತಿಳಿದವರು ಆ ಸಮಿತಿಗೆ, ವಲಯ ಅರಣ್ಯಾಧಿಕಾರಿಗೆ, ಮರದ ಮಾಲೀಕನಿಗೆ ಹೇಳಲಿ. ಮಾಲೀಕನಿಗೆ ಎಂದದ್ದನ್ನು ಒತ್ತಿ ಹೇಳಬೇಕು. ಇಷ್ಟೆಲ್ಲ ಗ್ರೂಪುಗಳಲ್ಲಿ ಮರದ ವಿಳಾಸ ಸುತ್ತಾಡುತ್ತದೆ, ಹುಣಸೆಹಣ್ಣು ಉದುರಿಸುವ ಆ ಒಬ್ಬನ ಕಿವಿಗೆ ಮಾತ್ರ ಬೀಳುವುದಿಲ್ಲ. ಗೂಬೆಯ ಸಂಸಾರವೊಂದು ವರ್ಷಕ್ಕೆ ಸಾವಿರದ ಲೆಕ್ಕದಲ್ಲಿ ಇಲಿ ಹಿಡಿಯುತ್ತದೆ ಎಂಬುದನ್ನು ಗದ್ದೆಯ ಒಡೆಯನಿಗೆ ಹೇಳಿದರೆ ಆ ಮರಕ್ಕೆ ಸಿಗುವ ರಕ್ಷಣೆ ಯಾವ ಫೇಸ್‌ಬುಕ್ ಮೆಚ್ಚುಗೆಗೂ ಸಮನಲ್ಲ.

ನೋಡದೆ ಪ್ರೀತಿ ಹುಟ್ಟುವುದು ಹೇಗೆ, ಮಕ್ಕಳ ಮನಸ್ಸಿನಿಂದ ಗುಮ್ಮನ ಭಯ ಹೋಗುವುದು ಹೇಗೆ ಎಂದೂ ಕೇಳುತ್ತಾರೆ. ಪುಣೆ ಜಿಲ್ಲೆಯ ಪಿಂಗೋರಿ ಎಂಬ ಹಳ್ಳಿಯಲ್ಲಿ ಇಲಾ ಫೌಂಡೇಶನ್ 2018ರಿಂದ ಗೂಬೆಗಳ ಹಬ್ಬ ನಡೆಸಿಕೊಂಡು ಬಂದಿದೆ. ಗೂಬೆಯ ಚಿತ್ರ, ಮುಖವಾಡ, ಕತೆ, ಹಾಡುಗಳ ಸಂತೆ ಅದು. ಶಾಲೆಯ ಮಕ್ಕಳು ಸಾಲುಗಟ್ಟಿ ಬರುತ್ತಾರೆ, ಮಲಗಿದ ಗೂಬೆಯನ್ನು ಯಾರೂ ಎಬ್ಬಿಸಬೇಕಾಗಿಲ್ಲ. ನಮ್ಮ ಶಾಲೆಗಳಲ್ಲಿ ಗೂಬೆ ಉಗುಳಿದ ಒಂದು ಉಂಡೆಯನ್ನು ಬಿಡಿಸಿ ನೋಡುವ ಒಂದು ಗಂಟೆಯ ಪಾಠ ಹತ್ತು ಫೋಟೊಗಳಿಗಿಂತ ಹೆಚ್ಚು ಕಲಿಸುತ್ತದೆ. ಉಂಡೆ ಹೆಕ್ಕಲು ಹಕ್ಕಿ ಬೇಟೆಗೆ ಹೊರಟ ಮೇಲೆ ಒಬ್ಬರು ಹೋಗಿಬಂದರೆ ಮುಗಿಯಿತು. ಹತ್ತಿರದ ಉದಾಹರಣೆಗಳೂ ಇವೆ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಮನೆಗಳ ಪಕ್ಕದ ಹುಣಸೆಮರಗಳಲ್ಲೇ ಗೂಡು ಕಟ್ಟುತ್ತವೆ. ನೋಡಲು ಬರುವವರಿಗೆ ಊರಿನ ಕಣ್ಣಿನ ಕಾವಲಿದೆ. ಸಲೀಂ ಅಲಿಯವರ ಸಲಹೆಯ ಮೇರೆಗೆ 1940ರಲ್ಲಿ ಪಕ್ಷಿಧಾಮವಾದ ರಂಗನತಿಟ್ಟಿನಲ್ಲಿ ಅಂತರ ಕಾಯುವ ಕೆಲಸವನ್ನು ಕಾವೇರಿಯೇ ಮಾಡುತ್ತಾಳೆ. ದೋಣಿ ಎಷ್ಟು ಹತ್ತಿರ ಹೋಗಬೇಕೋ ಅಷ್ಟೇ ಹೋಗುತ್ತದೆ. ಗೂಬೆಯ ಹುಣಸೆಗೆ ಊರಿನ ಕಾವಲೂ ಇಲ್ಲ, ಸುತ್ತ ಹೊಳೆಯೂ ಇಲ್ಲ. ಅದರ ಒಂದೇ ಕಾವಲು ಅದು ಯಾರಿಗೂ ಕಾಣದಿರುವುದು.

ಗೂಬೆ ನೋಡಬಾರದು ಎಂದು ನಾನು ಹೇಳುತ್ತಿಲ್ಲ. ತಪ್ಪಿ ಕಣ್ಣಿಗೆ ಬಿದ್ದರೆ ನಿಲ್ಲದೆ ನಡೆದುಹೋಗಬಹುದು; ದೂರ ಬಂದ ಮೇಲೆ ತಿರುಗಿ ಬೈನಾಕ್ಯುಲರಿನಲ್ಲಿ ನೋಡಬಹುದು. ಕಣ್ಣು ಬಿಟ್ಟಿತೆಂದರೆ ಇನ್ನಷ್ಟು ಹಿಂದೆ ಸರಿಯಬೇಕು. ಗೈಡುಗಳು ಗ್ರಾಹಕರಿಗೆ ಗೂಬೆ ತೋರಿಸುವ ಮಾತು ಕೊಡಬಾರದು. ಈ ಕೊನೆಯ ಮಾತು ಹೊಟ್ಟೆಪಾಡಿಗೆ ಸಂಬಂಧಿಸಿದ್ದು, ಆದ್ದರಿಂದ ಹೇಳುವಷ್ಟು ಸುಲಭವಲ್ಲ ಎಂಬುದೂ ಗೊತ್ತಿದೆ. ಆದರೆ ದಿನವೂ ಎಬ್ಬಿಸಿದ ಹಕ್ಕಿ ಆ ಮರ ಬಿಟ್ಟುಹೋದ ದಿನ ಗೈಡಿನ ಸಂಪಾದನೆಯೂ ಹೋಗುತ್ತದೆ. ಇಷ್ಟಕ್ಕೂ ಗೂಬೆ ನೋಡಲು ಹೇಳಿಮಾಡಿಸಿದ ಹೊತ್ತು ಬೇರೆಯೇ ಇದೆ. ಸೂರ್ಯ ಮುಳುಗಿ ಹತ್ತು ಹದಿನೈದು ನಿಮಿಷಕ್ಕೆ, ಕೆರೆಯ ನೀರಿನಲ್ಲಿ ಇನ್ನೂ ಬೆಳಕಿರುವಾಗ, ಏರಿಯ ಮೇಲೆ ತೋಪಿನಿಂದ ದೂರದಲ್ಲಿ ಸುಮ್ಮನೆ ಕೂರಬೇಕು. ಟಾರ್ಚು ಬೇಡ, ಫೋನಿನ ಕೂಗು ಬೇಡ. ಮೊದಲು ಒಂದು ಕಿರುಚಾಟ, ಅದಕ್ಕೊಂದು ಉತ್ತರ. ಆಮೇಲೆ ಗಿಡ್ಡ ಬಾಲದ, ದುಂಡುತಲೆಯ ಹಕ್ಕಿಯೊಂದು ಮರಗಳ ಕಪ್ಪಿನಿಂದ ಬೇರ್ಪಟ್ಟು ಬಂದು ಗದ್ದೆ ಬದಿಯ ಲೈಟುಕಂಬದ ಮೇಲೆ ಕೂರುತ್ತದೆ. ಈಗ ಅದರ ಕಣ್ಣು ಪೂರ್ತಿ ತೆರೆದಿರುತ್ತದೆ, ನೋಟ ಕೆಳಗಿನ ಹುಲ್ಲಿನ ಮೇಲೆ. ನಮ್ಮ ಪರಿವೆಯೇ ಅದಕ್ಕಿಲ್ಲ. ಯಾವ ಮರದಿಂದ ಬಂತು ಎಂದು ಪಕ್ಕದಲ್ಲಿ ಕೂತವರು ಕೇಳಿದರೆ, ಆ ಕಡೆಯಿಂದ ಎಂದು ಕೈ ತೋರಿಸಿದರೆ ಸಾಕು.